ಸೋರೆಬುರುಡೆಯ ನೀರು

ಕೊರಿಯಾ ದೇಶದ ಒಂದು ನದಿಯ ದಂಡೆಯಲ್ಲಿ ಒಕ್‌ಬುನ್ ಎಂಬ ಚಿತ್ರಕಾರ್ತಿ ಇದ್ದರು. ತೀರಾ ಹಿಂದಿನ ಮಾತಲ್ಲ. ಆ ಊರಿಗೆ ದಿನಕ್ಕೆ ಎರಡು ಬಸ್ಸು ಬರುತ್ತಿದ್ದವು, ಎಲ್ಲರ ಜೇಬಿನಲ್ಲೂ ಫೋನಿತ್ತು.

ಗುರು ಎಂದರೆ ಶಾಂತ ಮುಖ, ಮೆಲುನಗೆ ಎಂದುಕೊಂಡು ಹೋದವರಿಗೆ ಅಲ್ಲಿ ನಿರಾಸೆ ಕಾದಿರುತ್ತಿತ್ತು. ಎಪ್ಪತ್ತೆಂಟು ವರ್ಷ, ಮಂಡಿನೋವು, ಮೂಗಿನ ತುದಿಯಲ್ಲಿ ಕೋಪ. ಅಂಗಳಕ್ಕೆ ಬಂದ ಕಾಗೆಗಳ ಜೊತೆಗೂ ಜಗಳ ಆಡುತ್ತಿದ್ದರು.

ಅವರು ಮನುಷ್ಯರ ಚಿತ್ರ ಬರೆದವರೇ ಅಲ್ಲ. ಕಲ್ಲು, ಜೊಂಡು, ನೀರು, ಹಿಮ, ಅಷ್ಟೇ. ಆದರೂ ರಾಜಧಾನಿಯ ಗ್ಯಾಲರಿಯಲ್ಲಿ ಅವರ ಕಲ್ಲಿನ ಮುಂದೆ ನಿಂತವರು ಸತ್ತುಹೋದ ಅಮ್ಮನನ್ನು ನೆನೆದು ಅಳುತ್ತಿದ್ದರು.

ಕಲ್ಲಿನೊಳಗೆ ಅಮ್ಮ ಹೇಗೆ ಬಂದಳು ಎಂದು ಯಾರೋ ಕೇಳಿದ್ದುಂಟು.

"ನಾನು ಬರೆದದ್ದು ಕಲ್ಲು" ಅಂದರು ಒಕ್‌ಬುನ್. "ಅಮ್ಮನ್ನ ಅವರೇ ಕರ್ಕೊಂಡು ಬಂದಿರ್ತಾರೆ."

ಆ ಮನೆಯಲ್ಲಿ ಒಂದೇ ಕಟ್ಟಳೆ. ಶಿಷ್ಯನಾದವನು ಬೆಳಗಾಗುತ್ತಲೇ ಸೋರೆಬುರುಡೆ ಹಿಡಿದು ನದಿಗೆ ಇಳಿಯಬೇಕು, ನೀರು ತರಬೇಕು, ಆ ನೀರಿನಲ್ಲಿ ಮಸಿ ತೇಯಬೇಕು. ಪೈನ್ ಮರದ ಕಾಡಿಗೆಗೆ ಅಂಟು ಕಲಸಿ ಒಣಗಿಸಿದ ಬಿಲ್ಲೆ ಅದು. ನಾವು ಸಾಣೆಕಲ್ಲಿನ ಮೇಲೆ ಗಂಧ ತೇಯುತ್ತೇವಲ್ಲ, ಹಾಗೆ ತೇಯುವುದು.

ನದಿಯನ್ನು ಬರೆಯಲು ನದಿಯದೇ ನೀರು. ಬೇರೆ ನೀರು ಅಲ್ಲಿ ನಡೆಯುತ್ತಿರಲಿಲ್ಲ.

ಒಂದು ವಸಂತದಲ್ಲಿ ಆ ಬಾಗಿಲಿಗೆ ಮನ್‌ಸಿಕ್ ಬಂದ. ನಲವತ್ತಾರರ ಗಂಡಸು. ಇಪ್ಪತ್ತು ವರ್ಷ ಸೇತುವೆಗಳ ನಕ್ಷೆ ಬರೆದವನು, ಕೆಲಸ ಬಿಟ್ಟು ಒಂದು ಚೀಲ ಹೆಗಲಿಗೆ ಹಾಕಿಕೊಂಡು ಬಂದಿದ್ದ.

"ಏನು ಬರೀಬೇಕಪ್ಪಾ ನಿನಗೆ?"

"ಈ ನದಿ."

"ದೇಶದಲ್ಲಿ ನದಿಗೇನು ಬರವಾ? ಇದೇ ಯಾಕೆ?"

"ನನ್ನ ಹೆಂಡತಿ ಇದರಲ್ಲೇ ಹೋದಳು. ಇಲ್ಲಿಂದ ಕೆಳಗೆ, ನಮ್ಮೂರ ಹತ್ತಿರ."

ಗುರುಗಳು ಮಂಡಿ ಒತ್ತಿಕೊಳ್ಳುವುದನ್ನು ನಿಲ್ಲಿಸಿದರು.

"ಹೇಗೆ?"

"ಹೋದ ಬೇಸಿಗೇಲಿ. ಬಸವನಹುಳು ಆರಿಸಕ್ಕೆ ಇಳಿದಿದ್ದಳು."

ಹೆಬ್ಬೆರಳ ಉಗುರಿನಷ್ಟು ಕರಿಯ ಹುಳು ಅದು. ನದಿಯ ಕಲ್ಲುಗಳಿಗೆ ಅಂಟಿಕೊಂಡಿರುತ್ತದೆ, ಸಂಜೆಯಾದರೆ ಮೇಲೆ ಬರುತ್ತದೆ. ಅಲ್ಲಿಯ ಹೆಂಗಸರು ಹಣೆಗೆ ದೀಪ ಕಟ್ಟಿಕೊಂಡು, ತಳಕ್ಕೆ ಗಾಜಿರುವ ಡಬ್ಬಿಯಲ್ಲಿ ನೀರೊಳಗೆ ನೋಡುತ್ತಾ ಆರಿಸುತ್ತಾರೆ. ಸೊಪ್ಪು ಹಾಕಿ ಸಾರು ಮಾಡುತ್ತಾರೆ.

"ಅತ್ತಿದ್ದೀಯಾ?" ಎಂದು ಗುರುಗಳು ಕೇಳಿದರು.

"ಇಲ್ಲ. ಬರ್ತಾ ಇಲ್ಲ." ಮನ್‌ಸಿಕ್ ನೆಲ ನೋಡಿಕೊಂಡೇ ಹೇಳಿದ. "ನಿಮ್ಮದೊಂದು ಚಿತ್ರ ನೋಡಿದೆ. ಬರೀ ನೀರು, ನಾಲ್ಕು ಜೊಂಡು. ಬಾಗಿಲು ಹಾಕ್ಬೇಕು ಅಂತ ಕಾವಲಿನವನು ಬಂದು ಹೇಳೋ ತನಕ ಕಾಲು ಕೀಳಕ್ಕೇ ಆಗಲಿಲ್ಲ. ಹೀಗೆ ಬರೆದರೆ ಒಳಗಿರೋದು ಹೊರಗೆ ಬರಬಹುದು ಅನ್ನಿಸಿತು. ಬರದೆ ಹೋದರೆ ನಾನು ಉಳಿಯಲ್ಲ, ಗುರುಗಳೇ."

ಗುರುಗಳು ಗೋಡೆಯ ಮೊಳೆಯಿಂದ ಸೋರೆಬುರುಡೆ ತೆಗೆದು ಅವನ ಕೈಗೆ ಕೊಟ್ಟರು.

"ನೀರು ತಗೊಂಡು ಬಾ."

ನದಿಗೆ ಇಪ್ಪತ್ತು ಮೆಟ್ಟಿಲು. ಆರನೆಯದರಲ್ಲಿ ಮನ್‌ಸಿಕ್‌ನ ಕಾಲು ನಿಂತುಹೋಯಿತು. ಕೆಳಗೆ ನೀರು ಕಲ್ಲಿಗೆ ತಾಗುವ ಸದ್ದು ಕೇಳುತ್ತಿತ್ತು.

ಅವನು ಹಿಂದಿರುಗಿ, ಗೋಡೆ ಬಳಸಿ, ಪಕ್ಕದ ಮನೆಯವರ ಮೆಣಸಿನಕಾಯಿ ಮಡಿಗಳ ಹತ್ತಿರ ಇದ್ದ ನಲ್ಲಿ ತಿರುಗಿಸಿ ಬುರುಡೆ ತುಂಬಿಸಿಕೊಂಡ.

ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂದು ನಮ್ಮಲ್ಲಿ ಗಾದೆ. ಗಾದೆ ಮಾಡಿದವರಿಗೆ ಮನ್‌ಸಿಕ್‌ನಂಥವನು ಸಿಕ್ಕಿರಲಿಕ್ಕಿಲ್ಲ. ಅವನು ಊರಿಗೆ ಬಂದ, ಮನೆಗೆ ಬಂದ, ನೀರಿಗೆ ಮಾತ್ರ ಬರಲಿಲ್ಲ.

ಗುರುಗಳು ಬುರುಡೆ ನೋಡಿದರು. ಅವನ ಚಪ್ಪಲಿ ನೋಡಿದರು. ಮಸಿಕಲ್ಲನ್ನು ಅವನ ಮುಂದಕ್ಕೆ ತಳ್ಳಿದರು.

"ತೇಯಿ."

ಅವನು ತೇದ. ಗುರುಗಳು ಆ ಮಸಿಯಲ್ಲಿ ಕುಂಚ ಅದ್ದಿ ಮಧ್ಯಾಹ್ನದವರೆಗೆ ಬರೆದರು. ಬರೆದದ್ದನ್ನು ಒಳಗೆ ತೆಗೆದುಕೊಂಡು ಹೋದರು. ಮರುದಿನವೂ ಹಾಗೆಯೇ ಆಯಿತು, ಅದರ ಮರುದಿನವೂ.

ಮಡಿಗಳಲ್ಲಿ ಮೆಣಸಿನ ಗಿಡ ಹೂ ಬಿಟ್ಟಿತು, ಕಾಯಿ ಕೆಂಪಗಾಯಿತು. ಮನ್‌ಸಿಕ್ ದಿನವೂ ಆರು ಮೆಟ್ಟಿಲು ಇಳಿದು, ದಿನವೂ ಗೋಡೆ ಬಳಸಿದ. ಮೊದಲ ವಾರ ಎದೆ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಅದೂ ರೂಢಿಯಾಯಿತು. ಸುಳ್ಳು ಅಭ್ಯಾಸವಾದರೆ ಹಲ್ಲುಜ್ಜಿದಷ್ಟೇ ಸಲೀಸು.

ಒಮ್ಮೆ ಅವನು ಕೇಳಿದ, "ಗುರುಗಳೇ, ಮನುಷ್ಯರ ದುಃಖಾನ ನೀರಲ್ಲಿ ಹೇಗೆ ತರ್ತೀರಿ?"

"ತರಬೇಕಾದವನು ನೀನು. ನೀರು ತರೋ ಕೆಲಸ ನಿನಗೆ ಕೊಟ್ಟಿದ್ದೀನಲ್ಲ."

ಅವನ ಕಿವಿ ಬಿಸಿಯಾಯಿತು. ಗುರುಗಳು ಮುಖ ಎತ್ತದೆ ಒಂದು ಜೊಂಡು ಬರೆಯುತ್ತಿದ್ದರು.

ಎಲೆ ಉದುರುವ ಕಾಲದಲ್ಲಿ ಅವನ ಕೈಗೆ ಕುಂಚ ಬಂತು. ಅಷ್ಟು ದಿನ ಕಟ್ಟೆ ಕಟ್ಟಿ ನಿಲ್ಲಿಸಿದ್ದೆಲ್ಲ ಒಮ್ಮೆಗೇ ಹರಿಯಬೇಕು ಎಂದು ಅವನು ಬರೆದ. ಕಪ್ಪು ಅಲೆ, ಅದಕ್ಕೆ ಹಲ್ಲಿನಂಥ ನೊರೆ, ದಂಡೆಯ ಮೇಲೆ ತಲೆ ಬಗ್ಗಿಸಿ ನಿಂತ ಒಂದು ಮರ. ಸೇತುವೆಗಳಲ್ಲಿ ಪಳಗಿದ ಕೈ. ಒಂದು ಗೆರೆಯೂ ನಡುಗಲಿಲ್ಲ.

ಗುರುಗಳು ಬಂದು ನೋಡಿದರು.

"ಈ ಮರಕ್ಕೆ ಏನಾಗಿದೆ?"

"ಅಳ್ತಾ ಇದೆ."

"ಯಾರು ಸತ್ತರು ಅದಕ್ಕೆ?"

ಮನ್‌ಸಿಕ್ ಕುಂಚ ಕೆಳಗಿಟ್ಟ.

"ನಿನ್ನ ಕಣ್ಣಲ್ಲಿ ಒಂದು ಹನಿ ಇಲ್ಲ. ಮರದ ಕೈಲಿ ಅಳಿಸ್ತೀಯ. ಬಾಡಿಗೆಗೆ ಅಳೋರನ್ನ ಕರೆಸಿದ ಹಾಗಿದೆ."

ಮನ್‌ಸಿಕ್‌ಗೆ ಮೈ ಉರಿಯಿತು. ಮತ್ತೆ ಬರೆದ. ಮರ ತೆಗೆದು ಬಂಡೆ ಇಟ್ಟ, ಬಂಡೆ ತೆಗೆದು ಮೋಡ ಇಟ್ಟ. ತೊಂಬತ್ತು ನದಿ ಬರೆದ. ಗುರುಗಳು ಪ್ರತಿಯೊಂದನ್ನೂ ನೋಡಿ ಕಡ್ಡಿ ತುಂಡು ಮಾಡಿದ ಹಾಗೆ ಒಂದೇ ಮಾತು ಹೇಳಿದರು.

"ನೀರಿಲ್ಲ."

"ಇಷ್ಟೆಲ್ಲ ನೀರೇ ಅಲ್ವಾ, ಗುರುಗಳೇ?"

"ಕೋಪ ಇದೆ. ನೀರಿಲ್ಲ."

ಅವನು ತೊಂಬತ್ತು ಹಾಳೆಗಳನ್ನೂ ಕಂಕುಳಲ್ಲಿ ಒತ್ತಿ ಹಿಡಿದು ಒಲೆಯ ಕಡೆಗೆ ಹೊರಟ. ಅಲ್ಲಿಯ ಹಳೆಯ ಮನೆಗಳಲ್ಲಿ ಹೊರಗೆ ಒಲೆ ಉರಿಸುತ್ತಾರೆ. ಅದರ ಬಿಸಿ ನೆಲದ ಅಡಿಯಲ್ಲಿ ಹಾದು ಮಲಗುವ ಕೋಣೆಯನ್ನು ಬೆಚ್ಚಗಿಡುತ್ತದೆ.

"ಎಲ್ಲಿಗೆ?" ಎಂದು ಗುರುಗಳು ಕೂಗಿದರು.

"ಒಲೆಗೆ ಹಾಕ್ತೀನಿ."

"ಬೇಡ. ಒಲೆಗೆ ಬೇರೆ ಇದೆ. ಚಳಿ ಬರ್ತಾ ಇದೆ, ಬಾಗಿಲಿಗೆ ಅಂಟಿಸು."

ಅದೂ ಅಲ್ಲಿಯ ಪದ್ಧತಿಯೇ. ಬಾಗಿಲಿನ ಮರದ ಚೌಕಗಳಿಗೆ ಗಾಜಿನ ಬದಲು ಕಾಗದ. ವರ್ಷಕ್ಕೊಮ್ಮೆ ಚಳಿಗೆ ಮುಂಚೆ ಹಳೆಯದನ್ನು ಕಿತ್ತು, ಅಂಬಲಿ ಸವರಿ ಹೊಸದು ಅಂಟಿಸುತ್ತಾರೆ. ಚಿಲಕದ ಹತ್ತಿರ ಚೆಂದಕ್ಕೆ ಒಂದೆರಡು ಒಣಗಿದ ಎಲೆ ಇಡುತ್ತಾರೆ.

ಮನ್‌ಸಿಕ್ ತನ್ನ ಕೋಣೆಯ ಬಾಗಿಲಿಗೆ ತನ್ನ ನದಿಗಳನ್ನೇ ಅಂಟಿಸಿದ, ಒಂದರ ಮೇಲೊಂದು. ಎಲೆ ಇಡಲು ಮನಸ್ಸಾಗಲಿಲ್ಲ.

ಆಮೇಲೆ ಪ್ರತಿ ಬೆಳಿಗ್ಗೆ ಅವನು ಕಣ್ಣು ಬಿಟ್ಟರೆ ಆ ಕಪ್ಪು ಅಲೆಗಳ ಹಿಂದಿನಿಂದ ಸೂರ್ಯ ಬರುತ್ತಿದ್ದ. ಬೆಳಕು ಬಂದಷ್ಟೂ ಚಿತ್ರದ ಸುಳ್ಳು ಕಾಣುತ್ತಿತ್ತು. ಅದರಲ್ಲಿ ಮಿರಾನ್ ಇರಲಿಲ್ಲ. ಮಿರಾನ್ ಅಂದರೆ ಅವನ ಹೆಂಡತಿ. ಆ ಹೆಸರನ್ನು ಅವನು ಬಾಯಿಬಿಟ್ಟು ಹೇಳಿ ಒಂದೂವರೆ ವರ್ಷವಾಗಿತ್ತು.

ಇದೂ ಕೈಗೂಡಲಿಲ್ಲ ಎಂದು ಅವನಿಗೆ ಗಟ್ಟಿಯಾಯಿತು. ಇನ್ನು ಹೋಗಲು ಬೇರೆ ಬಾಗಿಲು ಇರಲಿಲ್ಲ. ಊಟ ಕಡಿಮೆಯಾಯಿತು, ಮಾತು ನಿಂತಿತು. ನೀರು ತರುವುದನ್ನು ಮಾತ್ರ ನಿಲ್ಲಿಸಲಿಲ್ಲ, ಆ ಸುಳ್ಳು ನೀರನ್ನು.

ಚಳಿ ಬಂತು. ಒಂದು ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಹನಿಯೂ ಬೀಳಲಿಲ್ಲ. ಕೊಳವೆಯೊಳಗೆ ನೀರು ಕಲ್ಲಾಗಿತ್ತು. ಮನ್‌ಸಿಕ್ ಮೆಟ್ಟಿಲ ಕಡೆ ನೋಡಿದ. ಗೋಡೆಯ ಮೇಲೆ ರಾತ್ರಿ ಬಿದ್ದ ಹಿಮ ಇತ್ತು. ಅದನ್ನೇ ಬಾಚಿ, ಕೆಟಲಿನಲ್ಲಿ ಕರಗಿಸಿ, ಬುರುಡೆಗೆ ಸುರಿದುಕೊಂಡು ಬಂದ.

ಅವನು ಮಸಿಯ ಬಿಲ್ಲೆ ಎತ್ತಿಕೊಳ್ಳುವಷ್ಟರಲ್ಲಿ ಗುರುಗಳು ಅವನ ಕೈ ಹಿಡಿದರು. ಬುರುಡೆಯಲ್ಲಿ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡರು.

"ಇವತ್ತು ಹಿಮ" ಅಂದರು. "ನಿನ್ನೆಯ ತನಕ ಪಕ್ಕದ ಮನೆ ನಲ್ಲಿ."

ಮನ್‌ಸಿಕ್ ಕೈ ಹಿಂದಕ್ಕೆ ತೆಗೆದುಕೊಂಡ.

"ನಿಮಗೆ ಗೊತ್ತಿತ್ತಾ?"

"ಮೊದಲನೇ ದಿನವೇ. ನದಿಗೆ ಇಳಿದವನ ಚಪ್ಪಲಿ ಒಣಗಿರುತ್ತಾ? ನಲ್ಲಿ ನೀರಿಗೆ ಹಾಕೋ ಔಷಧಿ ವಾಸನೆ ನನ್ನ ಮೂಗಿಗೆ ಬರಲ್ವಾ?"

"ಯಾಕೆ ಹೇಳಲಿಲ್ಲ?"

"ಹೇಳಬೇಕಾದವನು ನೀನು."

"ಆದರೆ ಆ ಮಸೀಲೇ ಬರೆದಿರಲ್ಲ, ದಿನಾಲೂ."

"ಬರೆದೆ. ನೀನು ತೇದು ಕೊಟ್ಟೆ, ನಾನು ಬರೆದೆ."

"ಆ ಚಿತ್ರಗಳು ಎಲ್ಲಿವೆ?"

ಗುರುಗಳು ಗೋಡೆ ಹಿಡಿದು ಎದ್ದರು. ಕುಂಟುತ್ತಾ ಹೊರಗಿನ ಒಲೆಯ ಹತ್ತಿರ ಹೋದರು. ಅವನೂ ಹಿಂದೆ ಹೋದ. ಸೌದೆಯ ಪಕ್ಕದಲ್ಲಿ ಒಂದು ಬುಟ್ಟಿ ಇತ್ತು. ಅದರಲ್ಲಿ ಸುರುಳಿ ಸುತ್ತಿದ ಮೂರು ಹಾಳೆ ಉಳಿದಿದ್ದವು. ಗುರುಗಳು ಒಂದನ್ನು ಬಿಚ್ಚಿ ತೋರಿಸಿದರು. ಬೇಸಿಗೆಯಲ್ಲಿ ಅವನ ಕಣ್ಣೆದುರೇ ಬರೆದ ಜೊಂಡು ಅದು. ಮತ್ತೆ ಸುರುಳಿ ಸುತ್ತಿ ಬೆಂಕಿಗೆ ಇಟ್ಟರು.

"ಒಲೆಗೆ ಬೇರೆ ಇದೆ ಅಂದಿದ್ದೆನಲ್ಲ" ಅಂದರು.

ಮನ್‌ಸಿಕ್‌ಗೆ ರಾತ್ರಿಯೆಲ್ಲ ತನ್ನ ಬೆನ್ನಿಗೆ ತಾಗಿದ್ದ ಬಿಸಿ ನೆನಪಾಯಿತು. ಅವನು ಅಲ್ಲೇ, ಬೂದಿಯ ಪಕ್ಕದಲ್ಲಿ, ಕುಸಿದು ಕೂತ.

"ಇಡೀ ವರ್ಷದ್ದಾ?"

"ಇಡೀ ವರ್ಷದ್ದು."

ಎಪ್ಪತ್ತೆಂಟು ವರ್ಷದವರಿಗೆ ಇನ್ನೆಷ್ಟು ವರ್ಷ ಉಳಿದಿರುತ್ತದೆ? ಅದರಲ್ಲಿ ಒಂದನ್ನು ತಾನು ತಿಂದೆ ಎಂದು ಅವನಿಗೆ ಗೊತ್ತಾಯಿತು. ಮೊದಲು ಒಬ್ಬಳು, ಈಗ ಇನ್ನೊಬ್ಬರು.

"ಅಷ್ಟು ಕೋಪವಾ ನದಿ ಮೇಲೆ?" ಗುರುಗಳ ದನಿ ಮೆತ್ತಗಾಗಿತ್ತು.

"ಅದು ಅವಳನ್ನ ತಿಂತು."

"ಅವಳನ್ನ ಮುಳುಗಿಸಿದ ನೀರು ಸಮುದ್ರ ಸೇರಿ ಎಷ್ಟೋ ಕಾಲವಾಯಿತು. ಇಲ್ಲಿ ಹರೀತಿರೋ ನೀರು ನಿಮ್ಮೂರನ್ನ ಇನ್ನೂ ನೋಡೇ ಇಲ್ಲ."

"ಹಾಗಾದರೆ ನಾನು ಯಾರನ್ನ ಬೈಯಲಿ, ಗುರುಗಳೇ?"

ಒಲೆಯಲ್ಲಿ ಕಾಗದ ಉರಿದು ಮುಗಿಯಿತು.

ಆಗ ಮನ್‌ಸಿಕ್ ಯಾರಿಗೂ ಹೇಳದ ಮಾತು ಹೇಳಿದ. ಅವಳ ತಾಯಿಗೂ ಹೇಳಿರಲಿಲ್ಲ, ಹುಡುಕಲು ಬಂದ ಪೊಲೀಸರಿಗೂ ಹೇಳಿರಲಿಲ್ಲ.

"ಆವತ್ತು ಸಂಜೆ ಅವಳು ಡಬ್ಬಿ ಹಿಡಿದು ಹೊರಟಾಗ ನಾನು ಪೇಪರ್ ಓದ್ತಾ ಇದ್ದೆ. ತಲೆ ಎತ್ತಲಿಲ್ಲ. ಹೋದ ಸಲದ ಸಾರು ನೀರು ನೀರಾಗಿತ್ತು ಅಂದೆ. ಅಷ್ಟೇ ಅಂದದ್ದು. ಸರಿ, ಇವತ್ತು ಜಾಸ್ತಿ ತರ್ತೀನಿ ಅಂದಳು. ಅದಕ್ಕೇ ನದಿ ನಡುವಿನ ತನಕ ಹೋಗಿದ್ದಾಳೆ. ಅಲ್ಲಿ ಗುಂಡಿ ಇತ್ತು. ಬೆಳಿಗ್ಗೆ ಸಿಕ್ಕಿದಾಗ ಸೊಂಟಕ್ಕೆ ಕಟ್ಟಿದ್ದ ಚೀಲದ ತುಂಬ ಹುಳು ಇತ್ತು. ಹಣೆಯ ದೀಪ ಇನ್ನೂ ಉರೀತಾ ಇತ್ತು."

ಗುರುಗಳು ಬೂದಿ ಕೆದಕಿದರು.

"ಆಗಿತ್ತಾ?" ಎಂದು ಕೇಳಿದರು.

"ಏನು?"

"ಸಾರು. ನೀರಾಗಿತ್ತಾ?"

ಇಂಥ ಪ್ರಶ್ನೆ ಕೇಳಲು ಕಲ್ಲುಮನಸ್ಸು ಬೇಕು ಎಂದು ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಆದರೆ ಒಂದೂವರೆ ವರ್ಷದಲ್ಲಿ ಆ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ, ಅವನೂ ಕೇಳಿಕೊಂಡಿರಲಿಲ್ಲ.

"ಇಲ್ಲ" ಅಂದ ಮನ್‌ಸಿಕ್. "ಚೆನ್ನಾಗಿತ್ತು. ಸುಮ್ಮನೆ ಅಂದೆ."

ಗುರುಗಳು ಬುರುಡೆಯಲ್ಲಿದ್ದ ಹಿಮದ ನೀರನ್ನು ಒಲೆಯ ಬೂದಿಗೆ ಚೆಲ್ಲಿದರು. ಬರಿದಾದ ಬುರುಡೆಯನ್ನು ಅವನ ಮಡಿಲಲ್ಲಿ ಇಟ್ಟು ಒಳಗೆ ಹೋದರು.

ಮನ್‌ಸಿಕ್ ಇಪ್ಪತ್ತು ಮೆಟ್ಟಿಲನ್ನೂ ಇಳಿದ. ಆರನೆಯದರಲ್ಲಿ ಕಾಲು ನಿಂತಿತು. ಅವನು ಕೂತುಕೊಂಡು, ಕೂತ ಹಾಗೇ ಒಂದೊಂದೇ ಮೆಟ್ಟಿಲು ಜಾರಿದ, ನಡೆಯಲು ಬಾರದ ಮಕ್ಕಳು ಇಳಿಯುವ ಹಾಗೆ.

ದಂಡೆಯ ಹತ್ತಿರ ನದಿ ಹೆಪ್ಪುಗಟ್ಟಿತ್ತು. ಒಂದು ಕಲ್ಲು ತೆಗೆದುಕೊಂಡು ಕುಟ್ಟಿದ. ಎಷ್ಟೋ ಹೊಡೆತದ ಮೇಲೆ ಒಂದು ತೂತು ಬಿತ್ತು. ಬುರುಡೆ ಇಳಿಯುವಷ್ಟಿತ್ತು, ಮನುಷ್ಯ ಇಳಿಯುವಷ್ಟಿರಲಿಲ್ಲ. ಅದನ್ನೂ ಅವನು ಗಮನಿಸಿದ.

ಕೈ ಒಳಗೆ ಹಾಕಿದ. ಮೊಣಕೈಯವರೆಗೆ ಹಾಕಿದ. ನೋವಾಯಿತು, ಆಮೇಲೆ ನೋವೂ ಗೊತ್ತಾಗಲಿಲ್ಲ. ನದಿ ಏನೂ ಮಾಡಲಿಲ್ಲ. ಅವನನ್ನು ಎಳೆಯಲಿಲ್ಲ, ಕ್ಷಮಿಸು ಅನ್ನಲಿಲ್ಲ. ಅವನು ಬೈಯಬೇಕೆಂದು ಕೂಡಿಟ್ಟಿದ್ದ ಮಾತುಗಳನ್ನು ಕೇಳಲು ಅಲ್ಲಿ ಯಾರೂ ಇರಲಿಲ್ಲ. ಅಷ್ಟು ದೊಡ್ಡ ನದಿಗೆ ಮಿರಾನ್ ಯಾರೆಂದೇ ಗೊತ್ತಿರಲಿಲ್ಲ.

ಬೆರಳಿಗೆ ಒಂದು ಕಲ್ಲು ಸಿಕ್ಕಿತು. ಮೇಲೆತ್ತಿ ಮಗುಚಿದ. ಚಳಿಗೆ ಅಡಿ ಸೇರಿದ್ದ ಬಸವನಹುಳುಗಳು ಅದರ ಪಾಚಿಗೆ ಅಂಟಿಕೊಂಡಿದ್ದವು, ಏಳು. ಮರಗಟ್ಟಿದ ಹೆಬ್ಬೆರಳು ತಾಗಿ ಒಂದು ಕಳಚಿ ಅಂಗೈಗೆ ಬಿತ್ತು. ಅದು ಇದ್ದ ಜಾಗದಲ್ಲಿ ಪಾಚಿ ಇರಲಿಲ್ಲ, ಕಲ್ಲು ಬೆಳ್ಳಗೆ ಕಾಣುತ್ತಿತ್ತು.

ಅವನು ಅದನ್ನು ಮತ್ತೆ ಅಲ್ಲೇ ಇಟ್ಟ. ಅಂಟಿಕೊಳ್ಳಲಿಲ್ಲ. ಒತ್ತಿ ಹಿಡಿದ. ಕೈ ತೆಗೆದ ಕೂಡಲೇ ಅದು ಜಾರಿ ನೀರಿಗೆ ಬಿತ್ತು, ಮಂಜುಗಡ್ಡೆಯ ಅಡಿಗೆ ಹೋಯಿತು.

ಅವನು ಕಲ್ಲನ್ನು ಇದ್ದಲ್ಲೇ ಇಟ್ಟು, ನೀರು ತುಂಬಿಕೊಂಡು ಮೇಲೆ ಬಂದ. ಚಪ್ಪಲಿ ಒದ್ದೆಯಾಗಿತ್ತು.

ಗುರುಗಳು ಹಾಳೆ ಹಾಸಿ ಕಾದಿದ್ದರು. ಮನ್‌ಸಿಕ್ ಮಸಿ ತೇದ. ಕುಂಚವನ್ನು ಅವನ ಕಡೆಗೇ ಸರಿಸಿದರು.

ಅವನು ಕಲ್ಲು ಬರೆದ. ಕೈ ಇನ್ನೂ ಮರಗಟ್ಟಿತ್ತು, ಗೆರೆ ಎಲ್ಲೆಂದರಲ್ಲಿ ಹೋಯಿತು. ಪಾಚಿ ಬರೆದ. ಆರು ಹುಳು ಬರೆದ. ಏಳನೆಯದರ ಜಾಗ ಬಂದಾಗ ಕುಂಚ ಎತ್ತಿ ಹಿಡಿದ. ಅಲ್ಲಿ ಹಾಳೆಯನ್ನು ಹಾಗೇ ಬಿಟ್ಟ.

ಗುರುಗಳು ಬಗ್ಗಿ ನೋಡಿದರು. ಆ ಖಾಲಿ ಜಾಗದ ಹತ್ತಿರ ಬೆರಳು ತಂದರು, ಮುಟ್ಟಲಿಲ್ಲ.

"ಇಲ್ಲಿದ್ದದ್ದು?"

"ನಾನು ಕಿತ್ತೆ" ಅಂದ ಮನ್‌ಸಿಕ್. "ಮತ್ತೆ ಇಟ್ಟೆ. ನಿಲ್ಲಲಿಲ್ಲ."

ಅವನು ಅತ್ತ. ಚೆಂದವಾಗಿ ಅಳಲಿಲ್ಲ. ನೆಲಕ್ಕೆ ಹಣೆ ಇಟ್ಟು, ಮೂಗು ಸುರಿಸಿಕೊಂಡು, ಮಿರಾನ್ ಮಿರಾನ್ ಎಂದು ಕೂಗಿ ಅತ್ತ. ಗುರುಗಳು ಅವನ ಬೆನ್ನು ಸವರಲಿಲ್ಲ, ಎದ್ದೂ ಹೋಗಲಿಲ್ಲ. ಹಾಳೆಯ ಮೇಲೆ ಕಣ್ಣೀರು ಬೀಳದ ಹಾಗೆ ಅದನ್ನು ಸ್ವಲ್ಪ ಆಚೆ ಎಳೆದಿಟ್ಟರು.

ಅಳು ಮುಗಿದಾಗ ಮಧ್ಯಾಹ್ನವಾಗಿತ್ತು. ಮನ್‌ಸಿಕ್ ತನ್ನ ಎದೆಯ ಮೇಲೆ ಕೈ ಇಟ್ಟುಕೊಂಡು ನೋಡಿದ. ಭಾರ ಇದ್ದಲ್ಲೇ ಇತ್ತು, ಒಂದು ಗುಂಜಿಯೂ ಇಳಿದಿರಲಿಲ್ಲ.

"ಹಗುರ ಆಗಲಿಲ್ಲ, ಗುರುಗಳೇ."

"ಆಗಲ್ಲ."

"ಇನ್ನು ಮುಂದೆ ಆಗುತ್ತಾ?"

"ನನಗೆ ಗೊತ್ತಿಲ್ಲಪ್ಪಾ. ನನಗೆ ಆಗಿಲ್ಲ."

ಅವನು ಮೊದಲ ಸಲ ಗುರುಗಳ ಮುಖವನ್ನು ಸರಿಯಾಗಿ ನೋಡಿದ. ಅವರಿಗೆ ಯಾರು ಹೋಗಿದ್ದರು, ಯಾವಾಗ, ಎಂದು ಕೇಳಲು ಧೈರ್ಯ ಬರಲಿಲ್ಲ.

"ಮತ್ತೆ ಬರೆದು ಏನು ಉಪಯೋಗ?" ಎಂದು ಕೇಳಿದ. "ಬದುಕಿದ್ದು ತಾನೇ ಏನು ಉಪಯೋಗ?"

ಗುರುಗಳು ಅವನ ಕುಂಚವನ್ನು ಎತ್ತಿಕೊಂಡರು. ಬುರುಡೆಯಲ್ಲಿ ಉಳಿದಿದ್ದ ನೀರನ್ನೆಲ್ಲ ಒಂದು ಬಟ್ಟಲಿಗೆ ಬಗ್ಗಿಸಿ, ಕುಂಚವನ್ನು ನಿಧಾನವಾಗಿ ತೊಳೆದರು. ನೀರು ಕಪ್ಪಾಯಿತು. ಕುಂಚವನ್ನು ಒರೆಸಿ ಮೊಳೆಗೆ ನೇತುಹಾಕಿದರು.

ಆಮೇಲೆ ಬುರುಡೆಯನ್ನು ಬೋರಲು ಹಾಕಿ, ಒಂದು ಹನಿಯೂ ಉಳಿದಿಲ್ಲ ಎಂದು ನೋಡಿಕೊಂಡು, ಅವನ ಕೈಗೆ ಕೊಟ್ಟರು.

"ನಾಳೆಗೂ ನೀರು ಬೇಕು."